ಮೈಸೂರು ನೋಡಿದ ಮಕ್ಕಳಿಗೆ ಮಂಗಳೂರನ್ನು ಯಾರು ತೋರಿಸುವುದು?

ಡಿಸೆಂಬರ್ ಬಂತೆಂದರೆ ನಮ್ಮ ಕಲ್ಲಡ್ಕ ಪೇಟೆಯಲ್ಲಿ ಪ್ರವಾಸದ ಬಸ್ಸುಗಳದ್ದೇ ಕಾರುಬಾರು. ಎದುರಿನ ಗಾಜಿಗೆ ‘ಶೈಕ್ಷಣಿಕ ಪ್ರವಾಸ’ ಎಂಬ ಬ್ಯಾನರು, ಒಳಗೆ ಮಕ್ಕಳ ಬೊಬ್ಬೆ, ಸಿನಿಮಾ ಪದ್ಯ. ಮಂಗಳೂರು-ಬೆಂಗಳೂರು ಹೆದ್ದಾರಿ ಊರಿನ ಮೂಲಕವೇ ಹೋಗುವುದರಿಂದ ಘಟ್ಟ ಹತ್ತುವ ಬಸ್ಸೂ ಇಳಿಯುವ ಬಸ್ಸೂ ನಮಗೆ ಕಾಣುತ್ತವೆ. ಘಟ್ಟದ ಮೇಲಿನ ಮಕ್ಕಳು ಸಮುದ್ರ ನೋಡಲು ಕೆಳಗೆ ಬರುತ್ತಾರೆ, ನಮ್ಮ ಮಕ್ಕಳು ಅರಮನೆ ನೋಡಲು ಮೇಲೆ ಹೋಗುತ್ತಾರೆ. ನಡುವೆ ಮಾಷ್ಟ್ರುಗಳು ಇಳಿದು ಒಂದೊಂದು ಕೆ.ಟಿ. ಕುಡಿಯುತ್ತಾರೆ.

ಸಿನಿಮಾ ಬಂದರೆ ವಿಮರ್ಶೆ ಬರೆಯುತ್ತೇವೆ, ಯಕ್ಷಗಾನದ ಹೊಸ ಪ್ರಸಂಗ ಬಂದರೆ ರಾತ್ರಿಯಿಡೀ ಕೂತು ತಪ್ಪು ಹುಡುಕುತ್ತೇವೆ. ವರ್ಷಕ್ಕೊಮ್ಮೆ ನಡೆಯುವ, ಊರಿನ ಪ್ರತಿ ಮನೆಯಿಂದ ದುಡ್ಡು ಹೋಗುವ, ಮಕ್ಕಳು ಜೀವನವಿಡೀ ನೆನಪಿಡುವ ಈ ಶಾಲಾ ಪ್ರವಾಸಕ್ಕೆ ಮಾತ್ರ ಯಾರೂ ವಿಮರ್ಶೆ ಬರೆಯುವುದಿಲ್ಲ. ಹೋಗಿ ಸುಖವಾಗಿ ವಾಪಸು ಬಂದರೆ ಆಯಿತು, ಪ್ರವಾಸ ಯಶಸ್ವಿ. ಅದೂ ಒಂದು ಪಾಠವೇ ಅಲ್ವಾ? ಪಾಠ ಅಂದ ಮೇಲೆ ಅದರಲ್ಲಿ ಏನುಂಟು, ಏನಿಲ್ಲ ಅಂತ ಒಮ್ಮೆ ನೋಡುವ.

ಶಾಲೆಯಿಂದ ಮನೆಗೆ ಬರುವ ಪ್ರವಾಸದ ಚೀಟಿ ನಿಮಗೂ ಗೊತ್ತಿರುವಂಥದ್ದೇ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಮೈಸೂರು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ. ಶ್ರೀರಂಗಪಟ್ಟಣ, ಕನ್ನಂಬಾಡಿ. ಕೊನೆಗೆ ಒಂದು ವಾಟರ್ ಪಾರ್ಕ್. ಹತ್ತಿರದ ಪ್ರವಾಸವಾದರೆ ಪಿಲಿಕುಳ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಧರ್ಮಸ್ಥಳ. ಇವನ್ನೆಲ್ಲ ನೋಡಬಾರದು ಅಂತ ನಾನು ಹೇಳುತ್ತಿಲ್ಲ. ಬೇಲೂರಿನ ಶಿಲ್ಪ ನೋಡದೆ ಇರಲಿಕ್ಕಾಗುತ್ತದಾ? ವಾಟರ್ ಪಾರ್ಕಿನಲ್ಲಿ ಮಕ್ಕಳು ಕುಣಿಯುವುದಕ್ಕೂ ನನ್ನ ತಕರಾರಿಲ್ಲ. ಮನೆಯಿಂದ ಒಂದು ರಾತ್ರಿಯೂ ಹೊರಗೆ ಮಲಗದ ಮಕ್ಕಳಿಗೆ ಸ್ನೇಹಿತರ ಜೊತೆ ಬಸ್ಸಿನಲ್ಲಿ ಕೂರುವುದೇ ದೊಡ್ಡ ಶಿಕ್ಷಣ.

ತಕರಾರು ಇರುವುದು ಆ ಪಟ್ಟಿಯಲ್ಲಿ ಇಲ್ಲದ್ದರ ಬಗ್ಗೆ. ಪಟ್ಟಿಯಲ್ಲಿ ಜೀವಂತ ಮನುಷ್ಯರೇ ಇಲ್ಲ. ರಾಜರು ಇದ್ದಾರೆ, ಅವರು ತೀರಿಕೊಂಡಿದ್ದಾರೆ. ದೇವರು ಇದ್ದಾರೆ, ಅವರು ಮಾತಾಡುವುದಿಲ್ಲ. ಪ್ರಾಣಿಗಳು ಇವೆ, ಬೋನಿನಲ್ಲಿ. ಅಲ್ಲಿ ಈಗ ಬದುಕುತ್ತಿರುವವರು ಯಾರು, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಾರೆ, ಯಾವ ಕೆಲಸ ಮಾಡುತ್ತಾರೆ, ಆ ಊರಿಗೆ ಯಾವಾಗ ಬಂದರು ಎಂಬ ಪ್ರಶ್ನೆ ಎರಡು ದಿನದಲ್ಲಿ ಒಮ್ಮೆಯೂ ಬರುವುದಿಲ್ಲ. ಊರು ನೋಡಿದೆವು ಅನ್ನುತ್ತೇವೆ, ಊರಿನವರನ್ನು ನೋಡಿರುವುದಿಲ್ಲ.

ಮೂಡುಬಿದಿರೆಯನ್ನೇ ತೆಗೆದುಕೊಳ್ಳಿ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಮಕ್ಕಳನ್ನು ಕರೆದುಕೊಂಡು ಹೋದರೆ ಮೊದಲ ಪ್ರಶ್ನೆ, “ನಿಜವಾಗಿ ಸಾವಿರ ಉಂಟಾ ಸರ್?” ಮಕ್ಕಳು ಎಣಿಸಲು ಶುರು ಮಾಡುತ್ತಾರೆ, ಇನ್ನೂರು ದಾಟುವಷ್ಟರಲ್ಲಿ ಸೀಟಿ ಊದುತ್ತದೆ, ಬಸ್ ಹತ್ತಬೇಕು. ಅಲ್ಲಿನ ಭೈರಾದೇವಿ ಮಂಟಪದ ಅಡಿಯ ಕೆತ್ತನೆಯಲ್ಲಿ ಜಿರಾಫೆ ಇರುವುದನ್ನು, ಚೀನಾದ ಡ್ರ್ಯಾಗನ್ ಇರುವುದನ್ನು ಎಷ್ಟು ಮಕ್ಕಳಿಗೆ ತೋರಿಸುತ್ತಾರೆ? ನಮ್ಮ ತುಳುನಾಡಿನ ಕಲ್ಲುಕುಟಿಗನಿಗೆ ಜಿರಾಫೆ ಹೇಗೆ ಗೊತ್ತಾಯಿತು ಅಂತ ಕೇಳಿದರೆ ಕಾಳುಮೆಣಸು, ಹಡಗು, ಅರಬರು, ಜೈನ ವರ್ತಕರು ಎಲ್ಲ ಒಂದೇ ಉತ್ತರದಲ್ಲಿ ಬರುತ್ತಾರೆ. ಇನ್ನೊಂದು ಪ್ರಶ್ನೆ: ಆ ಊರಿನಲ್ಲಿ ಹದಿನೆಂಟು ಬಸದಿಗಳಿವೆ, ಇವತ್ತು ಅವುಗಳ ಪೂಜೆ ಮಾಡುವವರು ಯಾರು, ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ? ಜೈನರು ಅಂದರೆ ಸಮಾಜ ಪುಸ್ತಕದ ಒಂದು ಅಧ್ಯಾಯ ಅಂತ ತಿಳಿದುಕೊಂಡ ಮಗು, ಪಕ್ಕದ ತಾಲೂಕಿನಲ್ಲಿ ತನ್ನದೇ ತುಳು ಮಾತಾಡುವ ಜೈನ ಹುಡುಗಿ ಇದ್ದಾಳೆ ಎಂಬುದನ್ನು ತಿಳಿಯದೆ ಮನೆಗೆ ಬರುತ್ತದೆ.

ಶ್ರೀರಂಗಪಟ್ಟಣದ ಕಥೆ ಇದಕ್ಕಿಂತ ಗಂಭೀರ. ನಮ್ಮ ಮಕ್ಕಳು ಅಲ್ಲಿ ದರಿಯಾ ದೌಲತ್ ನೋಡುತ್ತಾರೆ, ಗುಂಬಜ್ ನೋಡುತ್ತಾರೆ, ಗೈಡು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. 1784ರಲ್ಲಿ ಕರಾವಳಿಯ ಸಾವಿರಾರು ಕೊಂಕಣಿ ಕ್ರೈಸ್ತರನ್ನು ಟಿಪ್ಪು ಘಟ್ಟ ಹತ್ತಿಸಿ ಇದೇ ಊರಿಗೆ ಸೆರೆ ಒಯ್ದದ್ದು, ಬದುಕಿ ಉಳಿದವರು 1799ರ ನಂತರ ಊರಿಗೆ ಮರಳಿ ಮತ್ತೆ ಗದ್ದೆ ಕಟ್ಟಿದ್ದು ಯಾರೂ ಹೇಳುವುದಿಲ್ಲ. ಮಂಗಳೂರಿನಲ್ಲಿ 1680ರಲ್ಲಿ ಶುರುವಾದ ಮಿಲಾಗ್ರಿಸ್ ಇಗರ್ಜಿ ನೆಲಸಮವಾದದ್ದೂ ಅದೇ 1784ರಲ್ಲಿ. ಅದೇ ಮಂಗಳೂರಿನ ಬಂದರಿನಲ್ಲಿರುವ ಝೀನತ್ ಬಕ್ಷ್ ಮಸೀದಿಯನ್ನು ನವೀಕರಿಸಿದ್ದೂ ಅದೇ ಟಿಪ್ಪು. ಆ ಮಸೀದಿಯ ಮರದ ಕೆತ್ತನೆ ನೋಡಿದರೆ ನಮ್ಮ ಗುತ್ತಿನ ಮನೆಯ ಚಾವಡಿಯ ನೆನಪಾಗುತ್ತದೆ. ಒಬ್ಬನೇ ರಾಜ, ಒಂದೇ ಊರಿನ ಎರಡು ಬೀದಿಗಳಲ್ಲಿ ಎರಡು ಬೇರೆ ನೆನಪು. ಈ ಎರಡೂ ನೆನಪನ್ನು ಒಟ್ಟಿಗೆ ಹಿಡಿದು ನಿಲ್ಲಲು ಮಗುವಿಗೆ ಕಲಿಸಿದರೆ ಅದು ಶಿಕ್ಷಣ. ಒಂದನ್ನೇ ಹಿಡಿದುಕೊಂಡರೆ ಅದು ಭಾಷಣ. ಭಾಷಣಕ್ಕೆ ನಮ್ಮ ಊರಲ್ಲಿ ಬರಗಾಲವಿಲ್ಲ ಮಾರಾಯ್ರೆ.

ಇಷ್ಟಕ್ಕೂ ನಮಗೆ ಮಂಗಳೂರು ಎಷ್ಟು ದೂರ? ಕಲ್ಲಡ್ಕದಿಂದ ಮೂವತ್ತು ಕಿಲೋಮೀಟರ್ ಆಸುಪಾಸು. ಸರ್ವಿಸ್ ಬಸ್ಸಿನಲ್ಲಿ ಹೋಗಿ ಸ್ಟೇಟ್ ಬ್ಯಾಂಕಿನಲ್ಲಿ ಇಳಿದರೆ ಅಲ್ಲಿಂದ ಕಾಲ್ನಡಿಗೆಯಲ್ಲೇ ಒಂದು ದಿನದ ಪ್ರವಾಸ ಮುಗಿಯುತ್ತದೆ. ಹತ್ತಿರದಲ್ಲೇ 1568ರ ಮೂಲದ ರೊಜಾರಿಯೊ ಇಗರ್ಜಿ. ಬಂದರಿನ ಕಡೆ ನಡೆದರೆ ಅಕ್ಕಿ, ಮೆಣಸು, ಒಣಮೀನಿನ ವಾಸನೆಯ ನಡುವೆ ಬ್ಯಾರಿಗಳ, ಗುಜರಾತಿಗಳ, ಕೊಂಕಣಿಗಳ ಅಂಗಡಿಗಳು, ಮಾಲಿಕ್ ದಿನಾರ್ ಬಳಗದ ಐತಿಹ್ಯ ಹೊತ್ತ ಆ ಮಸೀದಿ. ಧಕ್ಕೆಗೆ ಹೋದರೆ ಮೊಗವೀರರು. ಈಚೆ ರಥಬೀದಿಗೆ ಬಂದರೆ ಗೌಡ ಸಾರಸ್ವತರ ವೆಂಕಟರಮಣ ದೇವಸ್ಥಾನ. ಇನ್ನೂ ಸ್ವಲ್ಪ ನಡೆದರೆ ಕುದ್ರೋಳಿ. ಗುಡ್ಡ ಹತ್ತಿದರೆ ಅಲೋಶಿಯಸ್ ಕಾಲೇಜಿನ ಚಾಪೆಲ್, ಇಟಲಿಯಿಂದ ಬಂದ ಜೆಸುಯಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ 1899ರ ಆಸುಪಾಸಿನಲ್ಲಿ ಗೋಡೆ, ಮಾಡು ಬಿಡದೆ ಚಿತ್ರ ಬರೆದದ್ದು. ಕದ್ರಿಗೆ ಹೋದರೆ ಆಳುಪ ಅರಸ ಕುಂದವರ್ಮನ ಕಾಲದ, ಕ್ರಿ.ಶ. 968ರ ಶಾಸನವಿರುವ ಕಂಚಿನ ಲೋಕೇಶ್ವರ ಮೂರ್ತಿ. ಬೌದ್ಧರ ಹೆಸರು, ಶಿವನ ಗುಡಿ, ಬದಿಯಲ್ಲೇ ನಾಥ ಪಂಥದ ಜೋಗಿ ಮಠ.

ಮತ್ತೆ ಬಲ್ಮಠ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, ಕಿಟ್ಟೆಲರ ನಿಘಂಟು 1894ರಲ್ಲಿ ಅವರ ಪ್ರೆಸ್ಸಿನಲ್ಲಿ ಅಚ್ಚಾದದ್ದು ಕ್ವಿಝ್ ಮಕ್ಕಳಿಗೆ ಬಾಯಿಪಾಠ. ಆದರೆ ಜಾತಿ ಬಿಟ್ಟು ಬಂದವರಿಗೆ ಗೇಣಿ ಭೂಮಿಯೂ ಇಲ್ಲ, ಕುಲದ ಕಸುಬೂ ಇಲ್ಲ ಎಂಬ ಸ್ಥಿತಿ ಬಂದಾಗ ಅವರ ಹೊಟ್ಟೆಗೆ ದಾರಿ ಹುಡುಕುತ್ತಾ ನೇಯ್ಗೆ, ಹಂಚಿನ ಕಾರ್ಖಾನೆ ಶುರುವಾದವು ಎಂಬುದು ಕ್ವಿಝ್‌ನಲ್ಲಿ ಬರುವುದಿಲ್ಲ. ಜೆಪ್ಪುವಿನ ಹಂಚಿನ ಕಾರ್ಖಾನೆ 1865ರದ್ದು. ಕಲ್ಲಡ್ಕದ ಹಳೇ ಮನೆಗಳಲ್ಲಿ ನಾವು ತಲೆ ಎತ್ತಿದರೆ ಕಾಣುವ ಹಂಚಿಗೆ ಒಂದು ಸಮುದಾಯದ ಅನ್ನದ ಪ್ರಶ್ನೆ ಅಂಟಿಕೊಂಡಿದೆ ಅಂತ ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ, ಹೇಳುವವರು ಬೇಕು.

ತುಳು, ಕೊಂಕಣಿ, ಬ್ಯಾರಿ, ಹೀಗೆ ಸರಕಾರದ ಮೂರು ಭಾಷಾ ಅಕಾಡೆಮಿಗಳು ಇರುವುದೂ ಇದೇ ಮಂಗಳೂರಿನಲ್ಲಿ. ಮೊದಲಿನ ಎರಡು 1994ರವು, ಬ್ಯಾರಿಯದ್ದು 2009ರದ್ದು. ಕಲ್ಲಡ್ಕದ ಬಸ್ಸಿನಲ್ಲಿ ಒಂದು ಟ್ರಿಪ್ಪು ಹೋದರೆ ತುಳು, ಬ್ಯಾರಿ, ಹವ್ಯಕ, ಕೊಂಕಣಿ, ಕನ್ನಡ ಐದೂ ಕಿವಿಗೆ ಬೀಳುತ್ತವೆ. ಮಕ್ಕಳು ಕಂಡಕ್ಟರ್ ಹತ್ತಿರ ಒಂದು ಭಾಷೆ, ಮನೆಯಲ್ಲಿ ಒಂದು, ಕ್ಲಾಸಿನಲ್ಲಿ ಇನ್ನೊಂದು ಮಾತಾಡುತ್ತಾರೆ. ಹಾಗಿದ್ದೂ ಪಕ್ಕದ ಬೆಂಚಿನವನ ಮನೆಭಾಷೆಯಲ್ಲಿ ‘ಊಟ ಆಯಿತಾ’ ಅಂತ ಕೇಳಲು ಬರುವುದಿಲ್ಲ. ಶೈಕ್ಷಣಿಕ ಪ್ರವಾಸ ಅಂದರೆ ಇದನ್ನು ಕಲಿಸಬೇಡವಾ?

ಈಗ ಮುಖ್ಯ ಪ್ರಶ್ನೆ. ಇಷ್ಟು ಹತ್ತಿರ, ಇಷ್ಟು ಕಡಿಮೆ ಖರ್ಚು, ಆದರೂ ಇಂಥ ಪ್ರವಾಸ ಯಾಕೆ ಆಗುವುದಿಲ್ಲ? ಇಲ್ಲಿ ದುಡ್ಡಿನ ಕಾರಣ ಹೇಳುವ ಹಾಗಿಲ್ಲ, ಮೈಸೂರಿಗೆ ಇದರ ಎಷ್ಟೋ ಪಾಲು ಹೆಚ್ಚು ಖರ್ಚಾಗುತ್ತದೆ. ಇಲಾಖೆಯ ಸುತ್ತೋಲೆಯೂ ಕಾರಣವಲ್ಲ. ಅವು ಬಸ್ಸಿನ ಬಗ್ಗೆ, ರಾತ್ರಿ ಪ್ರಯಾಣದ ಬಗ್ಗೆ, ನೀರಿನ ಹತ್ತಿರ ಜಾಗ್ರತೆಯ ಬಗ್ಗೆ ಹೇಳುತ್ತವೆ, ಹೇಳಬೇಕಾದ್ದೇ. ನಿಜವಾದ ಕಾರಣ ಹೆದರಿಕೆ. ಮಸೀದಿಗೆ ಕರೆದುಕೊಂಡು ಹೋದರೆ ನಾಳೆ ಯಾರು ಬಂದು ಗೇಟಿನ ಎದುರು ನಿಲ್ಲುತ್ತಾರೋ, ದೇವಸ್ಥಾನಕ್ಕೆ ಕರೆದುಕೊಂಡು ಹೋದರೆ ಯಾವ ಅಪ್ಪ ಫೋನ್ ಮಾಡುತ್ತಾನೋ, ಮೊಬೈಲಿನಲ್ಲಿ ಯಾವ ಫೋಟೊ ಯಾವ ಒಕ್ಕಣೆಯ ಜೊತೆ ತಿರುಗುತ್ತದೋ ಎಂಬ ಹೆದರಿಕೆ.

ಈ ಹೆದರಿಕೆಯನ್ನು ನಾನು ಸಣ್ಣದು ಮಾಡುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಗೋವಾದ ಒಂದು ಶಾಲೆಯ ಮಕ್ಕಳು ಆಮಂತ್ರಣದ ಮೇಲೆ ಮಸೀದಿಯ ಕಾರ್ಯಕ್ರಮಕ್ಕೆ ಹೋಗಿ ಬಂದದ್ದಕ್ಕೆ ಗಲಾಟೆಯಾಗಿ ಪ್ರಾಂಶುಪಾಲರನ್ನೇ ಅಮಾನತು ಮಾಡಿದರು. ಅದನ್ನು ಪೇಪರಿನಲ್ಲಿ ಓದಿದ ಯಾವ ಮಾಷ್ಟ್ರು ತಾನೇ ಧೈರ್ಯ ಮಾಡಿಯಾರು? ಅವರಿಗೂ ಮನೆ, ಸಾಲ, ಮಕ್ಕಳು ಇದ್ದಾರೆ. ನಮ್ಮ ಊರಿನ ಕಥೆ ಬೇರೆ ಹೇಳಬೇಕಾ? 2017ರ ಮೇ ಕೊನೆಯಿಂದ ಬಂಟ್ವಾಳ ತಾಲೂಕಿನಲ್ಲಿ ವಾರಗಟ್ಟಲೆ ನಿಷೇಧಾಜ್ಞೆ ಇತ್ತು. ಕಲ್ಲಡ್ಕ ಅಂದರೆ ಹೊರಗಿನವರಿಗೆ ಚಾ ಮತ್ತು ಗಲಾಟೆ, ಎರಡೇ ನೆನಪು ಎಂಬ ಹಾಗಾಯಿತು. ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಅವರು ಬೆಳೆದದ್ದು ಪೋಲೀಸ್ ವ್ಯಾನು ನಿಂತ ಪೇಟೆಯನ್ನು ನೋಡಿಕೊಂಡು.

ಹಾಗಾಗಿಯೇ ಈ ಪ್ರವಾಸ ಬೇಕು ಅಂತ ನನ್ನ ವಾದ. ಮೊದಲಾದರೆ ಊರಿಗೊಂದು ಸರಕಾರಿ ಶಾಲೆ, ಎಲ್ಲ ಮನೆಯ ಮಕ್ಕಳೂ ಅಲ್ಲೇ. ಬ್ಯಾರಿ ಹುಡುಗನ ಬುತ್ತಿ, ಪೊರ್ಬುಗಳ ಹುಡುಗಿಯ ಕ್ರಿಸ್‌ಮಸ್ ಕುಸ್ವಾರು, ಭಟ್ರ ಮನೆಯ ಹಲಸಿನ ಹಪ್ಪಳ ಯಾವ ಪ್ರವಾಸವೂ ಇಲ್ಲದೆ ಕೈಯಿಂದ ಕೈಗೆ ಹೋಗುತ್ತಿತ್ತು. ಈಗ ಬೆಳಿಗ್ಗೆ ಎಂಟು ಗಂಟೆಗೆ ರಸ್ತೆ ಬದಿಯಲ್ಲಿ ನಿಂತು ನೋಡಿ. ಬೇರೆ ಬೇರೆ ಬಣ್ಣದ ವ್ಯಾನುಗಳು, ಬೇರೆ ಬೇರೆ ಸಮುದಾಯದ ಶಾಲೆಗಳು, ಒಂದೇ ಬೀದಿಯ ಮಕ್ಕಳನ್ನು ಬೇರೆ ಬೇರೆ ದಿಕ್ಕಿಗೆ ಒಯ್ಯುತ್ತವೆ. ಕೆ.ಟಿ.ಯಲ್ಲಿ ಕೆಳಗೆ ಹಾಲು, ಮೇಲೆ ಡಿಕಾಕ್ಷನ್ ಬೆರೆಯದೆ ನಿಲ್ಲುವುದು ನೋಡಲಿಕ್ಕೆ ಚಂದ. ಊರು ಹಾಗೆ ನಿಂತರೆ ಚಂದವಲ್ಲ. ಮೊದಲು ತನ್ನಷ್ಟಕ್ಕೆ ಆಗುತ್ತಿದ್ದ ಪರಿಚಯ ಈಗ ಯಾರಾದರೂ ಮುತುವರ್ಜಿ ವಹಿಸಿ ಮಾಡಿಸದೆ ಆಗುವುದಿಲ್ಲ.

ಇನ್ನು, ಇಂಥ ಪ್ರವಾಸ ಮಾಡಿಯೇ ಮಾಡಿದ್ದೇವೆ ಅನ್ನುವವರ ಮೇಲೂ ನನಗೆ ಒಂದೆರಡು ಮಾತುಂಟು. ‘ಸೌಹಾರ್ದ ಪ್ರವಾಸ’ ಅಂತ ಹೆಸರಿಟ್ಟು, ಒಂದು ಮಂದಿರ, ಒಂದು ಮಸೀದಿ, ಒಂದು ಚರ್ಚು ಅಂತ ಲೆಕ್ಕ ಹಾಕಿ, ಪ್ರತಿ ಕಡೆ ಇಪ್ಪತ್ತು ನಿಮಿಷ, ಒಂದು ಗ್ರೂಪ್ ಫೋಟೊ, ಮರುದಿನ ಪೇಪರಿನಲ್ಲಿ ಸುದ್ದಿ. ಇದು ಮೈಸೂರು ಪ್ರವಾಸದ್ದೇ ಇನ್ನೊಂದು ರೂಪ. ಕಟ್ಟಡ ಬದಲಾಯಿತು, ರೀತಿ ಬದಲಾಗಲಿಲ್ಲ. ನಮ್ಮ ಕಲ್ಲಡ್ಕದ ಗೊಂಬೆಗಳು ಮೆರವಣಿಗೆಯಲ್ಲಿ ಹೋಗುವುದನ್ನು ನೋಡಿದ್ದೀರಲ್ಲ, ದೊಡ್ಡ ಮುಖ ಕಾಣುತ್ತದೆ, ಒಳಗೆ ಬೆವರಿಳಿಸಿ ಅದನ್ನು ಹೊತ್ತು ಕುಣಿಯುವವನು ಕಾಣುವುದಿಲ್ಲ. ಈ ಪ್ರವಾಸವೂ ಹಾಗೆ, ಧರ್ಮದ ದೊಡ್ಡ ಮುಖ ತೋರಿಸಿ ಕಳಿಸುತ್ತದೆ.

ಮತ್ತೆ, ಮೂರು ಧರ್ಮದ ಲೆಕ್ಕದಲ್ಲಿ ಜಾತಿ ಮಾಯವಾಗುತ್ತದೆ. ಕುದ್ರೋಳಿಯ ಗೋಕರ್ಣನಾಥನನ್ನು ದಸರಾದ ದೀಪದಲ್ಲಿ ಎಲ್ಲರೂ ನೋಡಿದ್ದಾರೆ. ಬೇರೆ ದೇವಸ್ಥಾನಗಳ ಒಳಗೆ ಬಿಡದ ಕಾಲದಲ್ಲಿ ಬಿಲ್ಲವರು ನಾರಾಯಣ ಗುರುಗಳನ್ನು ಕರೆಸಿ 1912ರಲ್ಲಿ ಅಲ್ಲಿ ಪ್ರತಿಷ್ಠೆ ಮಾಡಿಸಿದ್ದು, 2013ರಲ್ಲಿ ಅದೇ ದೇವಸ್ಥಾನ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದ್ದು, ಇದನ್ನು ಹೇಳದೆ ಆ ದೇವಸ್ಥಾನ ತೋರಿಸಿದರೆ ಏನು ತೋರಿಸಿದ ಹಾಗಾಯಿತು? ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಸಾರಸ್ವತ ಬ್ರಾಹ್ಮಣರಾಗಿ ಹುಟ್ಟಿ, 1897ರಲ್ಲಿ ದಲಿತರಿಗಾಗಿ ಮಿಶನ್ ಕಟ್ಟಿ ಶಾಲೆ ತೆರೆದು, ತಮ್ಮದೇ ಸಮಾಜದಿಂದ ಬಹಿಷ್ಕಾರ ಹಾಕಿಸಿಕೊಂಡವರು. ಪುರಭವನದಲ್ಲಿ ಡ್ಯಾನ್ಸು ಮಾಡಿ ಬಂದ ಮಕ್ಕಳಿಗೆ ಹೊರಗಿನ ಬೋರ್ಡಿನ ಹೆಸರು ಯಾರದ್ದು ಅಂತ ಗೊತ್ತಿರುವುದಿಲ್ಲ.

ಹಾಗಂತ ಸಮುದಾಯ ತೋರಿಸುತ್ತೇವೆ ಅಂತ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಸಿ ಕೊರಗರ ಕಾಲನಿಗೆ ಒಯ್ದು ಅವರ ಡೋಲು, ಬುಟ್ಟಿ ತೋರಿಸಿ ಕರೆತರುವುದು ಇನ್ನೂ ದೊಡ್ಡ ತಪ್ಪು. ಅಜಲು ಎಂಬ ಅನಿಷ್ಟವನ್ನು ಕಾನೂನು ಮಾಡಿ ನಿಷೇಧಿಸಬೇಕಾಗಿ ಬಂದದ್ದು 2000ದಲ್ಲಿ, ನಮ್ಮ ಕಣ್ಣೆದುರೇ. ಇನ್ನೊಬ್ಬರು ನೋಡಲಿಕ್ಕೆ, ನಗಲಿಕ್ಕೆ ಅವರನ್ನು ನಿಲ್ಲಿಸಿದ್ದು ಸಾಲದಾ? ಅವರ ಹತ್ತಿರ ಕಲಿಯುವುದಿದ್ದರೆ ಬುಟ್ಟಿ ಹೆಣೆಯುವವರನ್ನು ಶಾಲೆಗೆ ಗುರುಗಳಾಗಿ ಕರೆಯಿರಿ, ಗುರುದಕ್ಷಿಣೆ ಕೊಡಿ, ಮಕ್ಕಳು ಕೆಳಗೆ ಕೂತು ಕಲಿಯಲಿ. ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು ಎಂಬ ಪ್ರಶ್ನೆ ಇಂಥ ಪ್ರವಾಸದಲ್ಲಿ ಮೊದಲು ಬರಬೇಕು. ಮಾತಾಡುವ ಅಧಿಕಾರ ಆ ಊರಿನವರದ್ದು, ಗೈಡಿನದ್ದಲ್ಲ, ನಮ್ಮದೂ ಅಲ್ಲ.

ಬಾಗಿಲು ತೆರೆಯಬೇಕಾದವರ ಮೇಲೂ ಜವಾಬ್ದಾರಿ ಉಂಟು. ಜರ್ಮನಿಯಲ್ಲಿ 1997ರಿಂದ ಪ್ರತಿ ವರ್ಷ ಅಕ್ಟೋಬರ್ 3ರಂದು, ಅಂದರೆ ಆ ದೇಶ ಒಂದಾದ ದಿನದಂದು, ಮಸೀದಿಗಳವರು ತಾವೇ ಬಾಗಿಲು ತೆರೆದು ಎಲ್ಲರನ್ನೂ ಕರೆಯುತ್ತಾರೆ. ಕರೆದು ಪ್ರಶ್ನೆ ಕೇಳಿಸಿಕೊಳ್ಳುತ್ತಾರೆ. ನಮ್ಮಲ್ಲಿ ದೇವಸ್ಥಾನದವರು, ಇಗರ್ಜಿಯವರು, ಜಮಾತಿನವರು ಹೊರೆಕಾಣಿಕೆಗೆ, ಉರೂಸಿಗೆ, ಹಬ್ಬಕ್ಕೆ ಪರಸ್ಪರ ಕರೆಯುವುದು ಇನ್ನೂ ಕೆಲವು ಊರುಗಳಲ್ಲಿ ಉಳಿದಿದೆ. ಮೂಲ್ಕಿಯ ಬಪ್ಪನಾಡು ದೇವಸ್ಥಾನದ ಐತಿಹ್ಯದಲ್ಲಿ ಬಪ್ಪ ಬ್ಯಾರಿ ಇಲ್ಲದೆ ದೇವಿಯೇ ಇಲ್ಲ. ಆದರೆ ದೊಡ್ಡವರ ಆಮಂತ್ರಣದಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳುವ ಜಾಗ ಇರುವುದಿಲ್ಲ. ಮಕ್ಕಳ ಪ್ರಶ್ನೆ ನೇರ. ಇಲ್ಲಿ ಅಂಗಿ ತೆಗೆಯಬೇಕು ಯಾಕೆ? ಇಲ್ಲಿ ಅಮ್ಮಂದಿರು ಯಾಕೆ ಕಾಣುವುದಿಲ್ಲ? ಆ ಬಿಳಿ ರೊಟ್ಟಿ ನಮಗೆ ಯಾಕಿಲ್ಲ? ಊಟಕ್ಕೆ ಎರಡು ಸಾಲು ಯಾಕೆ? ಉತ್ತರ ಕೊಡಲು ತಯಾರಿರುವವರು ಮಾತ್ರ ಮಕ್ಕಳನ್ನು ಕರೆಯಬೇಕು. ತಡಬಡಾಯಿಸಿದರೂ ಪರವಾಗಿಲ್ಲ, ಗದರಿಸಬಾರದು.

ಎಲ್ಲ ಒಮ್ಮೆಲೇ ಆಗುವುದಿಲ್ಲ, ನನಗೂ ಗೊತ್ತು. ಮಸೀದಿ-ಮಂದಿರದಿಂದಲೇ ಶುರು ಮಾಡಬೇಕು ಅಂತ ಇಲ್ಲ. ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೆ ಹೋಗಿ. ಅಲ್ಲಿ ಕಿರೀಟ, ಸಿಂಹಾಸನಕ್ಕಿಂತ ಹೆಚ್ಚಾಗಿ ಕಾಣುವುದು ನಮ್ಮ ಅಜ್ಜಿಯಂದಿರು ಮುಟ್ಟಿದ ಪಾತ್ರೆ, ಅಳತೆಯ ಸೇರು, ಗದ್ದೆಯ ಸಾಮಾನು. ಈ ಸೇರು ನಿಮ್ಮ ಮನೆಯಲ್ಲಿ ಇತ್ತಾ, ಅದಕ್ಕೆ ನಿಮ್ಮ ಭಾಷೆಯಲ್ಲಿ ಎಂತ ಹೇಳುತ್ತಾರೆ ಅಂತ ಮಕ್ಕಳನ್ನು ಕೇಳಿದರೆ ಸಾಕು, ಐದು ಭಾಷೆಯ ಐದು ಶಬ್ದ ಅಲ್ಲೇ ಬರುತ್ತವೆ. ಅಲ್ಲಿಂದ ಮುಂದಿನ ವರ್ಷ ಬಂದರಿನ ಅಕ್ಕಿ ಅಂಗಡಿ. ಅದರ ಮುಂದಿನ ವರ್ಷ ಯಾರದೋ ಮನೆಯ ಚಾವಡಿ.

ಹಾಗೆ ಹೋಗುವಾಗ ಎರಡು ಶಾಲೆ ಒಟ್ಟಿಗೆ ಹೋಗಲಿ. ಬೇರೆ ಬೇರೆ ಬಣ್ಣದ ವ್ಯಾನಿನ ಎರಡು ಶಾಲೆ. ಸೀಟು ಹಂಚುವಾಗ ಈ ಶಾಲೆಯ ಒಂದು ಮಗು, ಆ ಶಾಲೆಯ ಒಂದು ಮಗು. ಪ್ರಬಂಧ ಬರೆಸುವುದಿದ್ದರೆ ‘ನಾನು ಕಂಡ ಮೈಸೂರು’ ಬೇಡ, ‘ನನ್ನ ಪಕ್ಕ ಕೂತವರ ಮನೆ’ ಅಂತ ಬರೆಸಿ. ಅದನ್ನು ಗೈಡ್ ಬುಕ್ಕಿನಿಂದ ನಕಲು ಮಾಡಲಿಕ್ಕಾಗುವುದಿಲ್ಲ, ಕೇಳಿಯೇ ಬರೆಯಬೇಕು.

ಗಲಾಟೆಯಾದ ದಿನ ಪೇಟೆಯಲ್ಲಿ ಮೊದಲು ಓಡಿ ಬರುವುದು ಸುದ್ದಿ, ಆಮೇಲೆ ನಿಜ. ಆ ನಡುವಿನ ಹೊತ್ತಿನಲ್ಲಿ ‘ಅವರು’ ಅಂದಾಗ ಒಂದು ಹೆಸರು, ಒಂದು ಮುಖ, ಒಂದು ಚಾವಡಿ ನೆನಪಾಗುವ ಹುಡುಗ ಕಲ್ಲು ಎತ್ತುವ ಮೊದಲು ಒಂದು ಫೋನ್ ಮಾಡಿಯಾನು. ಬೇರೆ ಯಾವ ದೊಡ್ಡ ಲಾಭವನ್ನೂ ನಾನು ಈ ಪ್ರವಾಸಕ್ಕೆ ಹೇಳುವುದಿಲ್ಲ. ನಮ್ಮ ಊರಿಗೆ ಇಷ್ಟೇ ಸಾಕು.